ಗುಹೆಯಲ್ಲಿ ಬಿಟ್ಟುಬಂದ ಜೀವ

ವಿಯೆಂಗ್‌ಸಾಯ್‌ನಲ್ಲಿ ಬಸ್ಸಿಳಿದಾಗ ಖಾಮ್‌ಸೆಂಗನ ಕೈಯಲ್ಲಿ ಮೀನು ಹಿಡಿಯುವ ಗೋರುಬಲೆ ಇದ್ದದ್ದೇ ತಾಪತ್ರಯಕ್ಕೆ ಮೂಲವಾಯಿತು. ಬಲೆಯೊಳಗೆ ಹೆಂಗಸಿನ ರವಿಕೆ, ಬೇಯಿಸಿದ ಮೊಟ್ಟೆ. ಜೀವ ಕರೆಯಲು ಬಂದವನೆಂದು ತಿಳಿಯಲು ಊರಿಗೆ ಅಷ್ಟು ಸಾಕು.

"ಯಾರ ಜೀವ ಕರ್ಕೊಂಡು ಹೋಗೋಕೆ ಬಂದಿದೀಯಪ್ಪ?" ಎಂದಳು ಶಾವಿಗೆ ಅಂಗಡಿಯ ಮುದುಕಿ ಬುವಾಲೀ.

"ಅಮ್ಮಂದು, ಅಜ್ಜಿ."

ರಾಜಧಾನಿ ವಿಯೆಂಟಿಯಾನ್‌ನಲ್ಲಿ ಅವನಮ್ಮ ಅನ್ನ ಮುಟ್ಟದೆ ತಿಂಗಳಾಗಿತ್ತು. ಮೈಯಲ್ಲಿರಬೇಕಾದ ಮೂವತ್ತೆರಡು ಜೀವಗಳಲ್ಲಿ ಒಂದು ಕಮ್ಮಿಯಿದೆ, ಯುದ್ಧದಲ್ಲಿ ಬಾಂಬು ಬೀಳುತ್ತಿದ್ದಾಗ ಅಡಗಿದ್ದ ವಿಯೆಂಗ್‌ಸಾಯ್‌ನ ಗುಹೆಯಲ್ಲೇ ಹೆದರಿ ಉಳಿದಿದೆ, ಅದು ಬಾರದಿದ್ದರೆ ಅವಳು ಉಳಿಯುವುದಿಲ್ಲ ಎಂದು ಕೇರಿಯ ಹಿರಿಯರು ತೀರ್ಮಾನಿಸಿದ್ದರು. ಯಾವ ಗುಹೆ ಎಂದು ಮೊದಲೊಮ್ಮೆ ಕೇಳಿದ್ದಾಗ ಅಮ್ಮ ಹೇಳಿದ್ದು ಇಷ್ಟೇ: ಬಾಗಿಲಲ್ಲಿ ಚಕ್ಕೋತದ ಮರ, ಪಕ್ಕದಲ್ಲಿ ಒರತೆ. ಖಾಮ್‌ಸೆಂಗ್ ಅವಳಿಗೆ ತಿಳಿಸದೆ ಎರಡು ದಿನ ಬಸ್ಸಿನಲ್ಲಿ ಕುಲುಕಿಕೊಂಡು ಬಂದಿದ್ದ.

"ಚಕ್ಕೋತ ಇಲ್ಲದ ಗುಹೆ ಇಲ್ಲೆಲ್ಲಿದೆ? ಅದು ಯುದ್ಧದಾಗ ಮಗ್ಗ ಹಾಕಿದ್ದ ನೇಯ್ಗೆಯವರ ಗುಹೆನೇ," ಎಂದ ಕ್ಷೌರಿಕ ಫಾನ್, ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಎದ್ದು ಬಂದು.

"ಆಗ ನೀನು ಹುಟ್ಟೇ ಇರ್ಲಿಲ್ಲ, ಬಾಯಿ ಮುಚ್ಚು," ಎಂದಳು ಬುವಾಲೀ.

ಇಬ್ಬರೂ ಹಿಂದೆ ಬಂದರು. ಮೊದಲ ಗುಹೆಯಲ್ಲಿ ಬಲೆಗೆ ಬಾವಲಿ ಬಿತ್ತು. "ಅದೇ ಇರಬಹುದು, ಬಿಡಬೇಡ," ಎಂದು ಫಾನ್ ಹಟ ಹಿಡಿದ. ಎರಡನೆಯದರಲ್ಲಿ ಜೀವಕ್ಕೆಂದು ಇಟ್ಟ ಮೊಟ್ಟೆಯನ್ನು ನಾಯಿ ತಿಂದಿತು. ಮೂರನೆಯದರ ಪಕ್ಕ ಒರತೆ ಹರಿಯುತ್ತಿತ್ತು. ಅಲ್ಲಿ ಬುವಾಲೀ ಒಳಗೆ ಕಾಲಿಡದೆ ನಿಂತುಬಿಟ್ಟಳು. ಬಂಡೆಯ ಸಂದಿನಲ್ಲಿ ಜೋಲಿ ಕಟ್ಟುವ ಗೂಟ ಇನ್ನೂ ಇತ್ತು.

ಖಾಮ್‌ಸೆಂಗ್ ಗಾಳಿಯಲ್ಲಿ ಬಲೆ ಗೋರಿದ. "ಬಾ, ಅಮ್ಮನ ಜೀವವೇ. ಕತ್ತಲಲ್ಲಿ ಇರಬೇಡ, ಮನೆಗೆ ಬಾ." ಕರೆಯುತ್ತ ಕರೆಯುತ್ತ ಅವನಿಗೆ ಅಳು ಬಂತು. ಬಲೆ ಭಾರವಾದಂತೆನಿಸಿ ಅದರ ಬಾಯಿಗೆ ಅಮ್ಮನ ರವಿಕೆ ಸುತ್ತಿಕೊಂಡ. ಮನೆ ಸೇರುವ ತನಕ ಕೆಳಗಿಡುವಂತಿಲ್ಲ. ಅಂಗಡಿಗೆ ಬಂದು ಒಂದೇ ಕೈಯಲ್ಲಿ ಶಾವಿಗೆ ತಿನ್ನಲು ಹೋಗಿ ಅಂಗಿಗೆಲ್ಲ ಸಾರು ಚೆಲ್ಲಿಕೊಂಡ. ಆದರೂ ಖುಷಿಯಾಗಿತ್ತು. ಮನೆಗೆ ಫೋನ್ ಮಾಡಿದ.

"ಅಮ್ಮಾ, ವಿಯೆಂಗ್‌ಸಾಯಲ್ಲಿದೀನಿ. ನಿನ್ನ ಜೀವ ಸಿಕ್ತು, ತರ್ತಿದೀನಿ."

ಅಮ್ಮ ಗದರಿದಳು.

"ತರೋಕೆ ಯಾರು ಹೇಳಿದ್ರೋ ನಿಂಗೆ? ಅದು ಹೆದರಿ ಉಳಿದದ್ದಲ್ಲ. ನಾನೇ ಇಟ್ಟು ಬಂದದ್ದು. ಅಲ್ಲಿ ನಿನ್ನಕ್ಕ ಇದಾಳೆ."

ಐವತ್ತು ವರ್ಷ ತಾನೇ ಚೊಚ್ಚಲ ಮಗುವೆಂದು ತಿಳಿದಿದ್ದವನು ಎದ್ದು ನಿಂತ.

"ಎರಡು ವರ್ಷದ ಕೂಸು, ಆ ಗುಹೆಯಲ್ಲೇ ತೀರ್ಕೊಂಡ್ಲು. ಕತ್ತಲಂದ್ರೆ ಹೆದರ್ತಿದ್ಲು. ಒಬ್ಬಳನ್ನೇ ಹೇಗೆ ಬಿಟ್ಟು ಬರ್ಲಿ? ಬೇಗ ಹೋಗಪ್ಪ, ಈಗ ಹುಡುಕ್ತಿರ್ತಾಳೆ."

ಕೆಳಗೆ ಕೊನೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಖಾಮ್‌ಸೆಂಗ್ ಬಲೆಯನ್ನು ಎದೆಗವಚಿಕೊಂಡು ಬೆಟ್ಟದ ಕಡೆಗೆ ಓಡಿದ. ಜೀವ ಕರೆಯುವ ಕ್ರಮ ಊರಿಗೆಲ್ಲ ಗೊತ್ತಿತ್ತು, ವಾಪಸ್ ಬಿಡುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಫಾನ್‌ಗೂ ಸಹ.

ಗೂಟಕ್ಕೆ ರವಿಕೆಯನ್ನು ತೂಗುಹಾಕಿ, "ಅಕ್ಕಾ, ಅಮ್ಮ ಬಂದ್ಲು," ಎಂದ. ಹೊರಗೆ ಬಂದು ಮತ್ತೆ ಫೋನ್ ಮಾಡಿದ.

"ಬಿಟ್ಟೆ ಅಮ್ಮ. ಇನ್ನಾದ್ರೂ ಊಟ ಮಾಡ್ತೀಯಾ?"

"ಹಸಿವಿಲ್ಲ ಮಗಾ. ನೀನು ಸ್ವಲ್ಪ ಹೊತ್ತು ಅಲ್ಲೇ ಕೂತಿರು. ಅವಳು ತನ್ನ ತಮ್ಮನ ಮುಖ ನೋಡೇ ಇಲ್ವಲ್ಲ."

ಬಸ್ಸು ತಿರುವು ದಾಟಿ ಹೋಯಿತು. ಖಾಮ್‌ಸೆಂಗ್ ಖಾಲಿ ಬಲೆಯನ್ನು ಪಕ್ಕದಲ್ಲಿಟ್ಟುಕೊಂಡು ಚಕ್ಕೋತದ ಮರದಡಿ ಕೂತ.