ಹಾಳೆಬಾಕ

ರವಿಶಂಕರನ ಸಂಕಷ್ಟಕ್ಕೆ ಮೂಲವಾದದ್ದು ಒಂದು ಮೀಸೆ. ಅದು ಅವನ ಮೀಸೆಯಲ್ಲ. ಅವನ ಮೇಲ್ದುಟಿಯ ಮೇಲೆ ಇದ್ದದ್ದು ಕಾಫಿ ಸೋಸಿದ ಬಟ್ಟೆಯಲ್ಲಿ ಉಳಿಯುವ ಗಷ್ಟಿನಷ್ಟು ಮಾತ್ರ.

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಮೂಡಿಗೆರೆಯಿಂದ ಕಳಸಕ್ಕೆ ಬರುವ ಮೊದಲ ಬಸ್ಸಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಒಂದು ಕಟ್ಟು ಬಂತು. ಒಳಗಿದ್ದದ್ದು ರವಿಶಂಕರನೇ ಬರೆದ ಮಕ್ಕಳ ಕಾದಂಬರಿ, 'ಪುಟದೊಳಗೊಂದು ಬಾಗಿಲು'. ಚಿನ್ನು ಎಂಬ ಹುಡುಗಿ ಪುಸ್ತಕವೊಂದನ್ನು ಓದುತ್ತಿರುವಾಗ ಪುಟದ ಮೂಲೆಯಲ್ಲಿ ಪುಟ್ಟ ಬಾಗಿಲೊಂದನ್ನು ಕಾಣುತ್ತಾಳೆ, ತಟ್ಟಿದರೆ ತೆರೆಯುತ್ತದೆ, ಅವಳು ಕತೆಯ ಲೋಕವನ್ನು ಹೊಕ್ಕುಬಿಡುತ್ತಾಳೆ. ಅಲ್ಲಿ ಒಬ್ಬಳು ಕಾಗೆರಾಣಿ, ಒಬ್ಬ ಗೂಬೆಮಂತ್ರಿ, ಮತ್ತು ಎಲ್ಲರೂ ಹೆದರುವ ಹಾಳೆಬಾಕನೆಂಬ ರಾಕ್ಷಸ. ಹಾಳೆಬಾಕನ ಆಹಾರ ಪುಸ್ತಕದ ಹಾಳೆಗಳು. ಅವನು ಯಾವ ಹಾಳೆಯನ್ನು ತಿನ್ನುತ್ತಾನೋ ಆ ಹಾಳೆಯಲ್ಲಿದ್ದವರು ಲೋಕದಿಂದಲೇ ಮಾಯವಾಗುತ್ತಾರೆ.

ರವಿಶಂಕರ ಬಿ.ಎಸ್ಸಿ. ಪದವೀಧರ. ಊರಿನ ಖಾಸಗಿ ಶಾಲೆಯಲ್ಲಿ ವಿಜ್ಞಾನದ ಹಂಗಾಮಿ ಮೇಷ್ಟ್ರು. ಪ್ರೇಮಕುಮಾರಿ ಎಂಬವರ ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದ. ಕಾದಂಬರಿಯ ಮುದ್ರಣದ ಹೊಣೆ ಹೊತ್ತದ್ದು ಶಾಲಾ ಸಮಿತಿ. ಅಂದರೆ ಸಮಿತಿಯ ಅಧ್ಯಕ್ಷರೂ ದೊಡ್ಡ ಕಾಫಿ ಎಸ್ಟೇಟಿನ ಯಜಮಾನರೂ ಆದ ಮಂಜಯ್ಯನವರು. "ಬಿಡುಗಡೆ ದಿನ ನಾನೇ ಬರ್ತೇನೆ ಮೇಷ್ಟ್ರೇ, ನಿಮ್ಮ ಕಾಯಂ ವಿಷ್ಯ ಅಲ್ಲೇ ಹೇಳ್ತೇನೆ" ಎಂದಿದ್ದರು. ಬಿಡುಗಡೆ ಅಂದೇ ಮಧ್ಯಾಹ್ನ. ಕೆಲಸ ಕಾಯಂ ಆಗದಿದ್ದರೆ ಕೊಟ್ಟಿಗೆಹಾರದಲ್ಲಿ ಸೋದರಮಾವನ ಹೋಟೆಲಿನ ಗಲ್ಲಾದ ಹಿಂದೆ ಕೂರುವುದೊಂದೇ ಅವನಿಗೆ ಉಳಿದ ದಾರಿ. ಮಾವ ಆಗಲೇ ಆ ಸ್ಟೂಲಿಗೆ ಹೊಸ ರೆಕ್ಸಿನ್ ಹೊದಿಸಿದ್ದರು.

ರವಿಶಂಕರ ಜಗಲಿಯಲ್ಲಿ ಕಟ್ಟು ಬಿಚ್ಚುತ್ತಿದ್ದಂತೆ ಪ್ರೇಮಕುಮಾರಿ ಹಿಟ್ಟು ಮೆತ್ತಿದ ಕೈಯಲ್ಲೇ ಬಂದರು.

"ಬಂತಾ ಪುಸ್ತಕ? ಎಲ್ಲಿ, ಚಿತ್ರ ತೋರ್ಸಿ. ಓದೋದು ಆಮೇಲೆ."

ಚಿತ್ರಗಳನ್ನು ಅವನೂ ನೋಡಿರಲಿಲ್ಲ. ಬರೆದವನು ರಂಗನಾಥ, ಅಂಗಡಿಗಳ ಬೋರ್ಡನ್ನೂ ಲಾರಿಗಳ ಹಿಂಭಾಗವನ್ನೂ ಬರೆಯುವ ಊರಿನ ಏಕೈಕ ಕಲಾವಿದ. ರವಿಶಂಕರ ಉತ್ತರಪತ್ರಿಕೆ ತಿದ್ದಲು ಚಿಕ್ಕಮಗಳೂರಿಗೆ ಹೋಗಿದ್ದಾಗ, ಚಿತ್ರಗಳು ಯಾವುದೋ ಜೀಪಿನಲ್ಲಿ ನೇರವಾಗಿ ಮೂಡಿಗೆರೆಯ ಪ್ರೆಸ್ಸು ಸೇರಿದ್ದವು.

"ಅಯ್ಯ!" ಎಂದರು ಪ್ರೇಮಕುಮಾರಿ. "ಈ ಕಾಗೆ ಹಾಕ್ಕೊಂಡಿರೋ ಮೂಗುಬೊಟ್ಟು ನಂದಲ್ವಾ?"

ರವಿಶಂಕರ ಬಗ್ಗಿ ನೋಡಿದ. ಮೂಗುಬೊಟ್ಟು ಮಾತ್ರವಲ್ಲ, ಮೂಗು, ಕಣ್ಣು, ಗಲ್ಲ ಎಲ್ಲವೂ ಅವರದೇ. ರಂಗನಾಥನ ದೌರ್ಬಲ್ಯ ಅವನಿಗೆ ಆಗ ನೆನಪಾಯಿತು. ಕಂಡು ಬಲ್ಲ ಮುಖವನ್ನಲ್ಲದೆ ಬೇರೆ ಮುಖವನ್ನು ಆತ ಬರೆಯಲಾರ. ಬಸ್ ಸ್ಟ್ಯಾಂಡಿನ ಬೇಕರಿಯ ಬೋರ್ಡಿನ ಮೇಲೆ ಬೆಣ್ಣೆ ತಿನ್ನುವ ಕೃಷ್ಣನಿಗೂ ಬೇಕರಿಯವನ ಬಾವಮೈದುನನ ಮುಖವಿತ್ತು.

"ಇರ್ಲಿ ಬಿಡಿ, ರಾಣಿ ಅಂತಾದ್ರೂ ಮಾಡಿದ್ರಲ್ಲ" ಎಂದು ಪ್ರೇಮಕುಮಾರಿ ಸಮಾಧಾನಪಟ್ಟರು. "ಆದ್ರೂ ರಾಣಿಗೆ ಒಂದು ಒಳ್ಳೆ ಸೀರೆ ಉಡ್ಸಕ್ಕೆ ಎಂತ ಕಷ್ಟ ಇತ್ತು ಅವ್ನಿಗೆ?"

ಅವರು ಹಾಳೆ ಮಗುಚುತ್ತ ಹೋದರು. ಕೊನೆಯ ಅಧ್ಯಾಯದಲ್ಲಿ ಅವರ ಕೈ ನಿಂತಿತು. ಇಡೀ ಪುಟವನ್ನು ಹಾಳೆಬಾಕ ತುಂಬಿದ್ದ. ಎರಡು ಅಳಿಲುಗಳು ಬಾಲಕ್ಕೆ ಬಾಲ ತಾಗಿಸಿ ಮಲಗಿದಂಥ ಮೀಸೆ, ಎಡಗೆನ್ನೆಯ ಮೇಲೆ ಮಚ್ಚೆ, ತೆರೆದ ಬಾಯಲ್ಲಿ ಕಟ್ಟಿಸಿದ ಒಂದು ಹಲ್ಲು. ಹಲ್ಲು ಚಿನ್ನದ್ದೆಂದು ತಿಳಿಯಲಿ ಎಂದು ರಂಗನಾಥ ಅದರ ಸುತ್ತ ಕಿರಣಗಳನ್ನೂ ಬರೆದಿದ್ದ.

"ದೇವ್ರೇ," ಎಂದು ಪ್ರೇಮಕುಮಾರಿ ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದರು. "ಇದು ಮಂಜಯ್ಯ..."

"ಹೇಳ್ಬೇಡಿ ಅಮ್ಮ."

"ನಾನು ಹೇಳೋದೆಂತಕ್ಕೆ? ದನಕ್ಕೆ ತೋರ್ಸಿದ್ರೂ ಗುರ್ತು ಹಿಡೀತದೆ."

ರವಿಶಂಕರನ ಮೈಯ ಉಷ್ಣತೆ ಇಳಿಯಿತು. ಹಿಂದಿನ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಡ್ರಿಲ್ ಮೇಷ್ಟ್ರು ಮಂಜಯ್ಯನವರ ನಡಿಗೆಯನ್ನು ಅನುಕರಿಸಿ ಮಕ್ಕಳನ್ನು ನಗಿಸಿದ್ದರು. ಮಾರನೆಯ ಸೋಮವಾರದಿಂದ ಶಾಲೆಯಲ್ಲಿ ಡ್ರಿಲ್ ಇರಲಿಲ್ಲ.

ಅಷ್ಟರಲ್ಲಿ ಕನ್ನಡ ಪಂಡಿತರಾದ ತಿಮ್ಮಪ್ಪನವರು ಮಂಕಿ ಕ್ಯಾಪಿನ ಒಳಗಿನಿಂದ ಇಣುಕುತ್ತ ಬಂದರು. ಸಭೆಯಲ್ಲಿ ಪುಸ್ತಕದ ಕುರಿತು ಮಾತಾಡಬೇಕಿದ್ದವರು ಅವರೇ. ಒಂದು ಪ್ರತಿಯನ್ನೆತ್ತಿ ಗೂಬೆಮಂತ್ರಿಯ ಪುಟದಲ್ಲಿ ಬಹಳ ಹೊತ್ತು ನಿಂತರು.

"ರವಿಶಂಕರ್, ಗೂಬೆಗೆ ಮಂಕಿ ಕ್ಯಾಪ್ ಎಂತಕ್ಕೆ?"

"ನಾನಲ್ಲ ಸಾರ್, ರಂಗನಾಥ."

"ಊರಿಗೆ ಅಪಶಕುನ ಅಂದ್ರೆ ನಾನೇ ನೆನಪಾದ್ನಾ ಅವ್ನಿಗೆ?" ಎಂದು ಗೊಣಗುತ್ತ ಅವರು ಕೊನೆಯ ಅಧ್ಯಾಯಕ್ಕೆ ಬಂದರು. ಹಾಳೆಬಾಕನನ್ನು ಕಂಡದ್ದೇ ಅವರ ಮುಖ ತಿಳಿಯಾಯಿತು. ತನಗಿಂತ ದೊಡ್ಡ ಆಪತ್ತಿನಲ್ಲಿರುವವನನ್ನು ಕಂಡಾಗ ಮನುಷ್ಯನಿಗಾಗುವ ನೆಮ್ಮದಿ ಅದು. "ನಿಮ್ ಮಾವನ ಹೋಟೆಲಲ್ಲಿ ನೀರುದೋಸೆ ಚೆನ್ನಾಗಿರ್ತದಂತಲ್ಲ ಮಾರಾಯ್ರೆ?"

ರಂಗನಾಥನನ್ನು ಕೇಳೋಣವೆಂದರೆ ಅವನು ಹೊರನಾಡಿನಲ್ಲಿ ಯಾವುದೋ ವಸತಿಗೃಹದ ಬೋರ್ಡು ಬರೆಯಲು ಏಣಿ ಹತ್ತಿದ್ದ. ರಾತ್ರಿಯ ಬಸ್ಸಿಗಲ್ಲದೆ ಇಳಿಯುವವನಲ್ಲ. ಚಿತ್ರದ ಮೇಲೆ ಬಿಳಿಯ ಕಾಗದ ಅಂಟಿಸಬೇಕೆಂದು ತಿಮ್ಮಪ್ಪನವರು ಸೂಚಿಸಿದರು. ಪ್ರೇಮಕುಮಾರಿ ಮೈದಾ ಅಂಟು ಕುದಿಸಿದರು. ಮೂವರೂ ಸೇರಿ ಪ್ರತಿಯೊಂದು ಪ್ರತಿಯಲ್ಲೂ ಹಾಳೆಬಾಕನಿಗೆ ಬಿಳಿ ಹೊದಿಕೆ ಹೊದಿಸಿದರು.

ವಾರದಿಂದ ಬಿಸಿಲು ಕಾಣದ ಊರಿನಲ್ಲಿ ಅಂಟು ಒಣಗಲಿಲ್ಲ. ತೇವಕ್ಕೆ ಕಾಗದ ಪಾರದರ್ಶಕವಾಗಿ, ಬಿಳುಪಿನೊಳಗಿನಿಂದ ಮಂಜಯ್ಯನವರು ನಿಧಾನವಾಗಿ ಮೂಡಿಬಂದರು. ಮೊದಲು ಮೀಸೆ, ಆಮೇಲೆ ಹಲ್ಲು. ಮೊದಲಿಗಿಂತ ಈಗ ಅವರು ಹೆಚ್ಚು ಭಯಂಕರವಾಗಿದ್ದರು.

"ಗಾಳಿಯಲ್ಲಿ ನೀರಿನ ಅಂಶ ಹೆಚ್ಚಿದ್ದಾಗ ಆವಿಯಾಗೋದು ನಿಧಾನ ಆಗ್ತದೆ" ಎಂದ ರವಿಶಂಕರ.

"ಅದು ಗೊತ್ತಿಲ್ದೇನೇ ನಾವು ಇಷ್ಟು ವರ್ಷ ಬಟ್ಟೆ ಒಣಗ್ಸಿದ್ವಾ? ಬಚ್ಚಲಿಗೆ ತನ್ನಿ" ಎಂದರು ಪ್ರೇಮಕುಮಾರಿ.

ಬಚ್ಚಲ ಒಲೆಯ ಮೇಲ್ಗಡೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲೆಂದೇ ಕಟ್ಟಿದ ಬಿದಿರಿನ ತಡಿಕೆಯಿತ್ತು. ಅದರ ಮೇಲಿದ್ದ ಲಂಗ, ಬನಿಯನ್ನುಗಳನ್ನು ಸರಿಸಿ ಕತೆಯ ಲೋಕವನ್ನು ಹರಡಿದರು. ಹೊಗೆ ಏರಿತು. ಅಂಟಿಸಿದ ಕಾಗದಗಳು ಒಣಗಿದವು. ಒಣಗಿ ಹಪ್ಪಳದಂತೆ ಸುರುಳಿಯಾದವು. ಸುರುಳಿಯಾಗಿ ಒಂದೊಂದಾಗಿ ಕಳಚಿ ಬಿದ್ದವು. ತಡಿಕೆಯ ತುಂಬ ಹಾಳೆಬಾಕರು ಬಾಯಿ ತೆರೆದು, ಕೆಳಗೆ ಕೆಮ್ಮುತ್ತ ನಿಂತ ಮೂವರನ್ನು ನೋಡುತ್ತಿದ್ದರು.

"ಆ ಹಾಳೆ ಹರಿದೇ ಬಿಡಿ ಮಾರಾಯ್ರೆ" ಎಂದರು ತಿಮ್ಮಪ್ಪನವರು. "ಒಂದು ಹಾಳೆ ಇಲ್ದಿದ್ರೆ ಯಾರಿಗೆ ಗೊತ್ತಾಗ್ತದೆ? ಬಿಡುಗಡೆಯಾದ ಪುಸ್ತಕನ ಯಾರು ಓದ್ತಾರೆ?"

ಹೊತ್ತು ಏರುತ್ತಿತ್ತು. ಅಚ್ಚುಕಟ್ಟಿನ ಮನುಷ್ಯನಾದ ರವಿಶಂಕರ ಹರಿಯಲಿಲ್ಲ. ಸ್ಕೇಲು ಇಟ್ಟು, ಬ್ಲೇಡಿನಿಂದ ಬೆನ್ನಿನಂಚಿಗೆ ಸರಿಯಾಗಿ ಕತ್ತರಿಸಿದ. ಕತ್ತರಿಸಿದ ಗುರುತೇ ಕಾಣದಷ್ಟು ಶುದ್ಧವಾದ ಕೆಲಸ. ಕತ್ತರಿಸಿದ ಹಾಳೆಗಳನ್ನೆಲ್ಲ ಒಲೆಗೆ ಹಾಕಿದ. ಹಾಳೆಬಾಕ ಧಗ್ಗನೆ ಉರಿದು, ಹಂಡೆಯ ನೀರಿಗೆ ಒಂದು ಒಳ್ಳೆಯ ಕುದಿ ತಂದು, ಬೂದಿಯಾದ. ಈ ಸಡಗರದಲ್ಲಿ ವಿಜ್ಞಾನದ ಮೇಷ್ಟ್ರಿಗೆ ಒಂದು ಸರಳ ಸತ್ಯ ಮರೆತುಹೋಗಿತ್ತು: ಹಾಳೆಗೆ ಎರಡು ಮುಖಗಳಿರುತ್ತವೆ.

ಸಭಾಂಗಣದಲ್ಲಿ ಕರೆಂಟು ಇರಲಿಲ್ಲ. ಮಬ್ಬುಗತ್ತಲಲ್ಲಿ ಮಕ್ಕಳು ಸಾಲಾಗಿ ಕುಳಿತಿದ್ದರು. ಕೊನೆಯ ಅಧ್ಯಾಯವೊಂದನ್ನು ಬಿಟ್ಟು ಉಳಿದ ಕತೆಯನ್ನು ರವಿಶಂಕರ ಅವರಿಗೆ ತರಗತಿಯಲ್ಲೇ ಹೇಳಿದ್ದ. ಹೊಸ ಪುಸ್ತಕಗಳು ಹೊಗೆಯ ವಾಸನೆ ಬೀರುತ್ತಿದ್ದವು. ಮಂಜಯ್ಯನವರು ಜೀಪಿನಿಂದ ಇಳಿದ ರೀತಿಯನ್ನು ಕಂಡು ರವಿಶಂಕರನಿಗೆ ಆಶ್ಚರ್ಯವಾಯಿತು. ಮೀಸೆಯನ್ನು ಹೊಸದಾಗಿ ಕತ್ತರಿಸಿ ತಿದ್ದಲಾಗಿತ್ತು. ಅವರು ಮುಗುಳ್ನಗಲು ಯತ್ನಿಸುತ್ತಿದ್ದರು. ಅಭ್ಯಾಸವಿಲ್ಲದ ಆ ಕೆಲಸದಲ್ಲಿ ಚಿನ್ನದ ಹಲ್ಲು ಆಗಾಗ ಮಿನುಗಿ ಮರೆಯಾಗುತ್ತಿತ್ತು.

ಅವರ ಮೊಮ್ಮಗಳು ಗಗನಾ ಆಯಾ ದ್ಯಾವಮ್ಮನ ಸೆರಗು ಹಿಡಿದು ವೇದಿಕೆಯ ಇನ್ನೊಂದು ತುದಿಯಲ್ಲಿ ನಿಂತಿದ್ದಳು. ತಾಯಿ ತೀರಿಕೊಂಡ ಮೇಲೆ, ಆ ವರ್ಷವಷ್ಟೇ ಅಜ್ಜನ ಮನೆಗೆ ಬಂದು ನಾಲ್ಕನೆಯ ತರಗತಿಗೆ ಸೇರಿದ ಮಗು. ಆ ಮೀಸೆಗೆ ಹೆದರಿ ಅವಳು ಅಜ್ಜನ ಬಳಿ ಸುಳಿಯುವುದಿಲ್ಲವೆಂಬುದು ಊರಿಗೆಲ್ಲ ತಿಳಿದ ವಿಷಯ. ಆದರೆ ಓದುವುದರಲ್ಲಿ ಚುರುಕು. ಕಾದಂಬರಿಯ ಕೊನೆಯ ಅಧ್ಯಾಯವನ್ನು ಅವಳಿಂದ ಓದಿಸಬೇಕೆಂದು ಮಂಜಯ್ಯನವರೇ ಹೇಳಿಕಳಿಸಿದ್ದರು.

"ಮೊದ್ಲು ಮಗು ಓದ್ಲಿ" ಎಂದರು ಅವರು. "ಮೇಷ್ಟ್ರ ವಿಷ್ಯ ಆಮೇಲೆ ಹೇಳ್ತೇನೆ. ಒಳ್ಳೇ ವಿಷ್ಯವೇ."

ರವಿಶಂಕರನ ಎದೆ ಹಗುರವಾಯಿತು. ಗಗನಾ ಪುಸ್ತಕ ಬಿಡಿಸಿ ಸ್ಪಷ್ಟವಾಗಿ ಓದತೊಡಗಿದಳು.

"ಹಾಳೆಬಾಕ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ಅವನು ದೊಡ್ಡದಾಗಿ ಬಾಯಿ ತೆರೆದ. ಬಾಯಿಯೊಳಗೆ ಕತ್ತಲೆಯಿತ್ತು. ಚಿನ್ನು ಹಿಂದೆ ಸರಿಯಲಿಲ್ಲ. ಅವಳು ಮೆಲ್ಲನೆ ಒಂದೊಂದೇ ಹೆಜ್ಜೆಯಿಡುತ್ತ ಅವನ ಹತ್ತಿರ, ಇನ್ನೂ ಹತ್ತಿರ ಬಂದಳು." ಗಗನಾ ಹಾಳೆ ಮಗುಚಿದಳು. "ಆಮೇಲೆ ಎಲ್ಲರೂ ಹೊಟ್ಟೆ ತುಂಬ ಊಟ ಮಾಡಿ ನೆಮ್ಮದಿಯಿಂದ ಮಲಗಿದರು. ಮುಗಿಯಿತು."

ಮುಂದಿನ ಸಾಲಿನಲ್ಲಿ ಒಂದು ಮಗು ಎದ್ದು ತನ್ನ ಟೀಚರ ಕಡೆ ತಿರುಗಿತು.

"ಮಿಸ್, ಚಿನ್ನೂನ ತಿಂದ್‌ಬಿಟ್ರಾ?"

ಎರಡನೆಯ ತರಗತಿಯ ಸಾಲಿನಲ್ಲಿ ಅಳು ಹೊರಟಿತು. ಅದು ಒಂದನೆಯ ತರಗತಿಗೆ ಹರಡಲು ಹೊತ್ತು ಹಿಡಿಯಲಿಲ್ಲ. ಗಗನಾ ಹಾಳೆಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿದಳು.

ಮಂಜಯ್ಯನವರು ತಮ್ಮ ಪ್ರತಿಯನ್ನು ತೆರೆದು ಹುಡುಕಿದರು. ಮೇಜಿನ ಮೇಲಿದ್ದ ಇನ್ನೊಂದು ಪ್ರತಿಯನ್ನೂ ಎತ್ತಿಕೊಂಡರು. ಅವರ ಮುಖದಿಂದ ಮುಗುಳ್ನಗು ಇಳಿದುಹೋಯಿತು.

"ಮೇಷ್ಟ್ರೇ, ಇಲ್ಲಿ ನನ್ನ ಚಿತ್ರ ಇತ್ತಲ್ಲ. ಎಲ್ಲಿ ಹೋಯ್ತು?"

"ನಿಮ್ಮ... ನಿಮ್ಮ ಚಿತ್ರವಾ ಸಾರ್?"

"ರಂಗನಾಥನ ಎದುರಿಗೆ ಬಾಯಿ ತೆರ್ಕೊಂಡು ಕೂತಿದ್ದೆನಲ್ಲ ಮಾರಾಯ್ರೆ, ದವಡೆ ನೋವು ಬರೋವರೆಗೂ! ರಾಕ್ಷಸನಿಗೆ ನನ್ನ ಮುಖ ಹಾಕು ಅಂತ ನಾನೇ ಹೇಳಿದ್ದು." ಅವರ ದನಿ ತಗ್ಗಿತು. "ಕೊನೇಲಿ ಚಿನ್ನು ಅವ್ನ ಮೀಸೆ ಹಿಡಿದು ಜಗ್ತಾಳೆ, ಅವ್ನು ನಗ್ತಾನೆ, ಆಮೇಲೆ ಹೆಗಲ ಮೇಲೆ ಕೂರ್ಸ್ಕೊಂಡು ಮನೆಗೆ ಬಿಡ್ತಾನೆ ಅಂತ ನೀವೇ ಬರ್ದಿದ್ರಲ್ಲ. ಅದನ್ನ ಓದಿದ್ರೆ ಈ ಮಗು ನನ್ ಹತ್ರ ಬಂದೀತು ಅಂತ ಒಂದು ಆಸೆ."

ಮೀಸೆ ಜಗ್ಗುವುದು, ನಗುವುದು, ಮನೆಗೆ ಬಿಡುವುದು ಎಲ್ಲವೂ ಆ ಹಾಳೆಯ ಇನ್ನೊಂದು ಮುಖದಲ್ಲಿತ್ತು.

"ಆ ಹಾಳೆಗಳಾದ್ರೂ ಎಲ್ಲಿವೆ? ತನ್ನಿ, ಅಂಟ್ಸುವ."

ಹೆಂಗಸರ ಸಾಲಿನಿಂದ ಪ್ರೇಮಕುಮಾರಿ ನೆರವಿಗೆ ಬಂದರು. "ಅದು ಬಚ್ಚಲ ಒಲೆಗೆ ಹೋಯ್ತು ಯಜಮಾನ್ರೇ. ಪಾಪ, ಮೇಷ್ಟ್ರು ಒಂದೂ ಬಿಡ್ದೆ ಚೆನ್ನಾಗಿ ಕತ್ತರ್ಸಿದ್ರು."

ಗಗನಾ ತಲೆಯೆತ್ತಿ ರವಿಶಂಕರನನ್ನು ನೋಡಿದಳು. ಅವಳ ಕಣ್ಣುಗಳು ಅಗಲವಾದವು.

"ಹಾಳೆ ಎಲ್ಲಾ ಮೇಷ್ಟ್ರೇ ಖಾಲಿ ಮಾಡಿದ್ದಾ?"

"ಅಲ್ಲ ಮರೀ, ಅದು..." ರವಿಶಂಕರ ಸಮಾಧಾನ ಹೇಳಲೆಂದು ಒಂದು ಹೆಜ್ಜೆ ಮುಂದಿಟ್ಟು, ಬಾಯಿ ತೆರೆದ.

"ಹಾಳೆಬಾಕ!" ಎಂದು ಚೀರಿದ ಗಗನಾ ವೇದಿಕೆಯ ಉದ್ದಕ್ಕೂ ಓಡಿ, ಮಂಜಯ್ಯನವರ ಮಡಿಲೇರಿ, ಅವರ ಕತ್ತನ್ನು ಬಿಗಿಯಾಗಿ ಅಪ್ಪಿಕೊಂಡು ಮೀಸೆಯಲ್ಲಿ ಮುಖ ಹುದುಗಿಸಿದಳು. "ಅಜ್ಜಾ, ಬಿಡ್ಬೇಡ! ಚಿನ್ನೂನ ತಿಂದಿದ್ದು ಇವ್ರೇ!"

ಮಂಜಯ್ಯನವರ ಕೈಗಳು ಒಂದು ಕ್ಷಣ ಗಾಳಿಯಲ್ಲೇ ನಿಂತವು. ಆಮೇಲೆ ಮಗುವಿನ ಬೆನ್ನ ಮೇಲೆ ಇಳಿದವು. ಅವರ ಕಣ್ಣುಗಳು ಒದ್ದೆಯಾದವು.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಮೇಷ್ಟ್ರೇ" ಎಂದರು ಮೆಲ್ಲನೆ. "ಇದನ್ನ ನಾನು ಮರೆಯೂದಿಲ್ಲ."

ರವಿಶಂಕರನಲ್ಲಿ ಆಸೆಯ ಒಂದು ಕಿಡಿ ಹತ್ತಿತು. "ಹಾಗಾದ್ರೆ ಸಾರ್, ನನ್ನ ಕಾಯಂ..."

ಅವನ ದನಿ ಕೇಳಿದ್ದೇ ಮಗು ಮತ್ತೊಮ್ಮೆ ಚೀರಿತು. ಮುಂದಿನ ಸಾಲುಗಳೂ ಅದರೊಂದಿಗೆ ಚೀರಿದವು. ಮಂಜಯ್ಯನವರು ನಿಟ್ಟುಸಿರಿಟ್ಟರು.

"ಅದೇ ಕಷ್ಟ ನೋಡಿ. ನೀವು ಬಾಯಿ ತೆಗೆದ್ರೆ ಮಕ್ಕಳು ಹೆದರ್ತಾವೆ. ಇನ್ನು ಪಾಠ ಮಾಡೋದು ಹೇಗೆ?"

ಮುಂದಿನ ವಾರ, ಬೆಳಗಿನ ಮಂಜು ಇನ್ನೂ ಕರಗದ ಬಸ್ ಸ್ಟ್ಯಾಂಡಿನಲ್ಲಿ, ಟ್ರಂಕಿನ ಮೇಲೆ ಕುಳಿತು ರವಿಶಂಕರ ಕೊಟ್ಟಿಗೆಹಾರದ ಬಸ್ಸಿಗೆ ಕಾಯುತ್ತಿದ್ದ. ಶಾಲೆಗೆ ಹೊರಟ ಮಕ್ಕಳು ಅವನನ್ನು ಕಂಡು, ಪುಸ್ತಕದ ಚೀಲಗಳನ್ನು ಎದೆಗವಚಿಕೊಂಡು, ರಸ್ತೆಯ ಆ ಬದಿಗೆ ದಾಟಿ ಹೋದರು.

ರಂಗನಾಥ ಏದುಸಿರು ಬಿಡುತ್ತ ಬಂದ. ಬಗಲಲ್ಲಿ ರಟ್ಟು, ಕಿವಿಯ ಮೇಲೆ ಪೆನ್ಸಿಲು.

"ಸಾರ್, ಸದ್ಯ ಸಿಕ್ಕಿದ್ರಲ್ಲ! ಪುಸ್ತಕ ಮತ್ತೆ ಅಚ್ಚು ಹಾಕ್ಸ್ತಾರಂತೆ ಯಜಮಾನ್ರು. ಈ ಸಲ ಕತೇಲಿ ಒಬ್ಬ ರಾಜನ್ನೂ ಸೇರ್ಸಿ ಅವನಿಗೆ ಅವ್ರ ಮುಖ ಹಾಕ್ಬೇಕಂತೆ, ಮಗೂದೇ ಹಟ." ಅವನು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ ಪೆನ್ಸಿಲಿನಿಂದ ಮೇಷ್ಟ್ರ ಮುಖವನ್ನು ಅಳೆದ. "ಹಾಳೆಬಾಕನಿಗೆ ಒಂದು ಮುಖ ಬೇಕಲ್ಲ. ಸ್ವಲ್ಪ ಈ ಕಡೆ ತಿರುಗಿ ಸಾರ್. ಹಾಂ. ಇನ್ನು, ಬಾಯಿ ತೆರೀರಿ."

ಬಸ್ಸು ಬರುವ ಸುಳಿವಿರಲಿಲ್ಲ. ರವಿಶಂಕರ ಬಾಯಿ ತೆರೆದ.