ಚೌಡಾಪುರದಲ್ಲಿ ತಡವರಿಸುವ ಎಂಜಿನ್ನು

ನನ್ನ ಹೆಂಡತಿ ಬಸವೇಶ್ವರಿ ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನನ್ನನ್ನು ಒಂದೇ ಒಂದು ಸಲ ಹೊಗಳಿದ್ದಾಳೆ. ತಾರೀಖು ನೆನಪಿದೆ, ವಾರ ನೆನಪಿದೆ, ಅವಳು ಆಗ ಉಟ್ಟಿದ್ದ ಸೀರೆಯ ಅಂಚಿನ ಬಣ್ಣವೂ ನೆನಪಿದೆ. (ಅವಳಿಗೆ ಯಾವುದೂ ನೆನಪಿಲ್ಲ. ಕೇಳಿ ನೋಡಿದ್ದೇನೆ.) ಆ ಹೊಗಳಿಕೆಗೆ ಕೊನೆಗೆ ಏನು ಗತಿಯಾಯಿತು ಎಂಬುದನ್ನು ನಿಮ್ಮಂಥ ನಾಲ್ಕು ಜನರ ಮುಂದೆ ಹೇಳಿಕೊಂಡರೆ ಎದೆ ಸ್ವಲ್ಪ ಹಗುರಾದೀತು.

ನಾನು ದೌಲತರಾಯ. ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ದೌಲತ್ತು ಇಲ್ಲ. ಅಫಜಲಪುರದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ಹೋದ ವರ್ಷ ನಿವೃತ್ತನಾದೆ. ನನಗಿರುವ ಆಸ್ತಿ ಎಂದರೆ ತೊಂಬತ್ತೇಳನೇ ಇಸವಿಯ ಒಂದು ಪುಟ್ಟ ಬಿಳಿ ಕಾರು. ಓಡುವಾಗ ಅದು ಚರಾಸ್ತಿ, ನಿಂತಾಗ ಸ್ಥಿರಾಸ್ತಿ. ಇತ್ತೀಚೆಗೆ ಹೆಚ್ಚಾಗಿ ಸ್ಥಿರಾಸ್ತಿಯೇ ಆಗಿತ್ತು. ಹೋದ ಶ್ರಾವಣದಲ್ಲಂತೂ ಎಂಜಿನ್ನು ಪೂರ್ತಿ ಕೈ ಚೆಲ್ಲಿತು.

ಊರಿನ ಮಿಸ್ತ್ರಿ ಉಸ್ಮಾನಸಾಬ ಬಾನೆಟ್ ಎತ್ತಿ ನೋಡಿ, "ಮಾಸ್ತರ್ರೀ, ಇದರ ಆಯುಷ್ಯ ಮುಗೀತ್ರಿ. ಎಂಜಿನ್ನ ಬದಲಿ ಮಾಡೂಣು" ಎಂದ. ನಾವಿಬ್ಬರೂ ಏಳನೇ ಇಯತ್ತೆಯವರೆಗೆ ಒಂದೇ ಬೆಂಚಿನಲ್ಲಿ ಕೂತವರು. ಆಗ ಅವನು ನನ್ನನ್ನು 'ದೌಲ್ಯಾ' ಅನ್ನುತ್ತಿದ್ದ. ನಾನು ಮಾಸ್ತರನಾದ ದಿನದಿಂದ ನನ್ನ ಮರ್ಯಾದೆಗಾಗಿ ಆ ಹೆಸರನ್ನು ಬಿಟ್ಟುಕೊಟ್ಟಿದ್ದಾನೆ. ಗಾಣಗಾಪುರಕ್ಕೆ ದತ್ತಾತ್ರೇಯನ ಭಕ್ತರನ್ನು ಸಾಗಿಸುತ್ತಿದ್ದ ಒಂದು ವ್ಯಾನು ಬೇವಿನ ಗಿಡಕ್ಕೆ ಗುದ್ದಿಕೊಂಡು ಮುದ್ದೆಯಾಗಿತ್ತು. ಯಾರಿಗೂ ಏನೂ ಆಗಿರಲಿಲ್ಲ, ಎಂಜಿನ್ನಿಗೂ ಆಗಿರಲಿಲ್ಲ. ಅದನ್ನೇ ತಂದು ಮೂರು ದಿನ ಕೂತು ನನ್ನ ಕಾರಿಗೆ ಕೂಡಿಸಿದ.

ಅದೇ ವಾರ ನಾನೂ ಒಂದು ಕೆಲಸ ಮಾಡಿದೆ. ಬಸವೇಶ್ವರಿಗೆ ಪೆಟ್ರೋಲಿನ ವಾಸನೆ ಆಗಿಬರುವುದಿಲ್ಲ. ಕಾರು ಹತ್ತಿದರೆ ಇಳಿಯುವವರೆಗೂ ಮೂಗಿಗೆ ನಿಂಬೆಹಣ್ಣು ಹಿಡಿದೇ ಕೂಡುತ್ತಾಳೆ, ಮಾತು ಮಾತ್ರ ನಿಲ್ಲುವುದಿಲ್ಲ. ವಾಸನೆಯ ಮೂಲವನ್ನು ನಾನು ವೈಜ್ಞಾನಿಕವಾಗಿ ಶೋಧಿಸಿದೆ. ಪೆಟ್ರೋಲ್ ಟಾಕಿಯ ಮುಚ್ಚಳದಲ್ಲಿ ಸಾಸಿವೆ ಕಾಳಿನಷ್ಟು ತೂತು ಬಿದ್ದಿತ್ತು! ನಳದ ಸೋರಿಕೆಗೆ ಮೆತ್ತುವ ಅಂಟನ್ನು ಕಣಕದ ಹಾಗೆ ನಾದಿ ತೂತಿಗೆ ಮೆತ್ತಿದೆ. ಅಷ್ಟು ಸಾಲದೆಂದು ಸೈಕಲ್ ಟ್ಯೂಬು ಕತ್ತರಿಸಿ ಮುಚ್ಚಳಕ್ಕೆ ಉಂಗುರವನ್ನೂ ತೊಡಿಸಿದೆ. ಮರುದಿನ ಊರೊಳಗೆ ಒಂದು ಸುತ್ತು ಹಾಕಿಸಿದಾಗ ಬಸವೇಶ್ವರಿ ನಿಂಬೆಹಣ್ಣು ಕೆಳಗಿಟ್ಟು, ಎರಡು ಸಲ ಉಸಿರೆಳೆದು ನೋಡಿ ಅಂದಳು:

"ಅಂತೂ ಒಂದು ಕೆಲಸ ಬರೋಬ್ಬರಿ ಮಾಡಿದ್ರಿ ನೋಡ್ರಿ."

ಅದೇ ಆ ಹೊಗಳಿಕೆ. ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಇನ್ನು ಫಜೀತಿಗೆ ಬರೋಣ. ಆಳಂದ ತಾಲೂಕಿನ ನರೋಣಾ ಬಸವೇಶ್ವರಿಯ ತವರು. ನೆಂಟರ ಮನೆಗೆ ಹೋಗುವಾಗ ಕಲಬುರಗಿ ಬಜಾರಿನಲ್ಲಿ ಇಳಿಯದೆ ಮುಂದೆ ಹೋಗಬಾರದು ಎಂಬುದು ಅವಳ ಕಾನೂನು. ಹಾಗಾಗಿ ನಮ್ಮ ದಾರಿ ಚೌಡಾಪುರದ ಮೇಲೆಯೇ. ಹೊಸ ಎಂಜಿನ್ನಿನಲ್ಲಿ ಮೊದಲ ಸಲ ಹೊರಟಾಗ ಕಾರು ಚೌಡಾಪುರದವರೆಗೆ ಹೂವಿನ ಹಾಗೆ ಬಂತು. ಅಲ್ಲಿ ಗಾಣಗಾಪುರಕ್ಕೆ ತಿರುಗುವ ಕ್ರಾಸ್ ಹತ್ತಿರ ಆಕ್ಸಿಲರೇಟರ್ ಒತ್ತಿದರೆ ಮುಂದೆ ಹೋಗಲೋ ಬೇಡವೋ ಎಂದು ಅನುಮಾನಿಸಿತು. ಗಕ್ ಅಂದಿತು, ಒಮ್ಮೆ ಮುಂದಕ್ಕೆ ಜಿಗಿಯಿತು, ಮತ್ತೆ ಗಕ್ ಅಂದಿತು, ನಿಂತಿತು. ಅರ್ಧ ತಾಸು ಕೂತು ಚಹಾ ಕುಡಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಕಲಬುರಗಿಯ ಹೊಸ್ತಿಲಲ್ಲಿ ಮತ್ತೆ ಅದೇ ನಾಟಕ. ಭಾವಮೈದುನನ ಹೊಸ ಮನೆಯ ಪ್ರವೇಶದ ಊಟಕ್ಕೆ ನಾವು ಮುಟ್ಟಿದಾಗ ಪಾತ್ರೆ ತೊಳೆಯುತ್ತಿದ್ದರು.

ಉಸ್ಮಾನಸಾಬ ಕಾರ್ಬೊರೇಟರ್ ಬಿಚ್ಚಿ ತೊಳೆದ. ಊರ ಸುತ್ತ ಓಡಿಸಿ ನೋಡಿದರೆ ಹುಲಿ. ಚೌಡಾಪುರಕ್ಕೆ ಹೋದರೆ ಗಕ್. ಪ್ಲಗ್ಗು ಬದಲಿಸಿದ, ಗಕ್. ಪೆಟ್ರೋಲ್ ಫಿಲ್ಟರು, ಪಂಪು, ಟೈಮಿಂಗು, ಒಂದನ್ನೂ ಬಿಡಲಿಲ್ಲ. ಗ್ಯಾರೇಜಿನ ಮುಂದೆ ಅದರಂಥ ಸಭ್ಯ ಎಂಜಿನ್ನು ಇಲ್ಲ. ಕೊನೆಗೆ ನನಗೂ ಸಿಟ್ಟು ಬಂತು. ಒಂದು ದಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹತ್ತು ಜನರ ಮುಂದೆ, "ಉಸ್ಮಾನಸಾಬ ನನಗ ಖೋಟಾ ಎಂಜಿನ್ನ ಕಟ್ಟ್ಯಾನ" ಎಂದುಬಿಟ್ಟೆ. ಅವನು ಹಿಂದಿನ ಬೆಂಚಿನಲ್ಲೇ ಕೂತಿದ್ದ. ಅರ್ಧ ಕಪ್ಪು ಚಹಾ ಬಿಟ್ಟು ಎದ್ದ.

"ಮಾಸ್ತರ್ರೀ, ನಲವತ್ತು ವರ್ಷದಾಗ ಈ ಮಾತು ಯಾರೂ ಅಂದಿಲ್ರಿ. ದೋಷ ನನ್ನ ಎಂಜಿನ್ನದಾಗ ಇದ್ದದ್ದು ಖರೇ ಆದ್ರ, ಗ್ಯಾರೇಜಿನ ಬೋರ್ಡು ಇಳಿಸ್ತೇನಿ" ಎಂದು ಹೇಳಿ ಹೋದ. ಮಾತು ಬಾಯಿಂದ ಜಾರಿದ ಮೇಲೆ ನನಗೆ ಕಸಿವಿಸಿಯಾಯಿತು. ಆದರೆ ಮೂವತ್ತೊಂದು ವರ್ಷ ಪಾಠ ಹೇಳಿದವನಿಗೆ ತಪ್ಪಾಯಿತು ಎನ್ನುವ ರೂಢಿ ಇರುವುದಿಲ್ಲ.

ಅಷ್ಟರಲ್ಲಿ ನಮ್ಮ ಅತ್ತೆ ಸುಂದರಬಾಯಿ ನಾಲ್ಕು ದಿನ ಇರಲು ಬಂದರು. ಎಂಜಿನ್ನಿನ ಪೂರ್ವಾಶ್ರಮದ ಕಥೆ ಕೇಳುತ್ತಲೇ ಅವರು ರೋಗ ಕಂಡುಹಿಡಿದರು.

"ಅಲ್ರೀ ಅಳಿಯಂದ್ರ, ವರ್ಷಾನುಗಟ್ಲೆ ಚೌಡಾಪುರದಾಗ ಹೊಳ್ಳಿ ದತ್ತಪ್ಪನ ಕಡೆ ಹೋದ ಎಂಜಿನ್ನ ಅದು. ನೀವು ಸೀದಾ ಕಲಬುರಗಿ ಕಡೆ ಹೊಡದ್ರ ಹ್ಯಾಂಗ ಹೋಗ್ತದ? ಮನಸು ಬ್ಯಾಡ?"

"ಅತ್ತೀ, ಎಂಜಿನ್ನಿಗೆ ಮನಸು ಇರಂಗಿಲ್ರಿ. ವಿಜ್ಞಾನ..."

"ವಿಜ್ಞಾನ ಇದ್ರ ಚೌಡಾಪುರದಾಗ ಯಾಕ ನಿಂದರ್ತದ್ರಿ?"

ಇದಕ್ಕೆ ಉತ್ತರ ಎಂಟನೇ ಇಯತ್ತೆಯಿಂದ ಹತ್ತರವರೆಗಿನ ಯಾವ ಪುಸ್ತಕದಲ್ಲೂ ಇರಲಿಲ್ಲ. ಕೊನೆಗೆ ಅತ್ತೆಯನ್ನೂ ಅವರ ಮಗಳನ್ನೂ ಕೂಡಿಸಿಕೊಂಡು ಹೊರಟೆ. ಕ್ರಾಸಿನಲ್ಲಿ ಗಕ್ ಎಂದು ನಿಂತಿತು. ಅತ್ತೆ ಇಳಿದು ಸಾವಕಾಶವಾಗಿ ಕಾಯಿ, ಕರ್ಪೂರ, ಹೂವು ಆರಿಸಿ ಕೊಂಡರು. ಆಮೇಲೆ ಗಾಣಗಾಪುರದ ಕಡೆ ತಿರುಗಿಸಿದೆ ನೋಡಿ, ಒಂದೇ ಉಸಿರಿಗೆ ಓಡಿತು! ಅತ್ತೆ ಹಿಂದಿನ ಸೀಟಿನಿಂದ ನನ್ನ ಕತ್ತನ್ನೇ ನೋಡುತ್ತಿದ್ದದ್ದು ಕನ್ನಡಿಯಲ್ಲಿ ಕಾಣುತ್ತಿತ್ತು. ನಾವು ಲಿಂಗಾಯತರು, ಮನೆಯಲ್ಲಿ ವಚನ ಬಿಟ್ಟರೆ ಬೇರೆ ಇಲ್ಲ. ಆದರೂ ಅವತ್ತು ನಾನು ದತ್ತಪ್ಪನಿಗೆ ಕೈ ಮುಗಿದೆ. ಮುಂದಿನ ವಾರ ಕಲಬುರಗಿ ಕಡೆ ಹೊರಟಾಗ ಮತ್ತೆ ಗಕ್.

ಕಾರ್ತಿಕದಲ್ಲಿ ಭಾವಮೈದುನನ ಮಗಳು ಸುನಿತಾಳ ಕುಬಸ ಬಂತು. ಚೊಚ್ಚಲ ಬಸುರಿ. ಮೊದಲ ಬಳೆ ಸೋದರತ್ತೆಯೇ ತೊಡಿಸಬೇಕು, ಅದೂ ಮಧ್ಯಾಹ್ನ ಹನ್ನೆರಡರ ಒಳಗೆ. ಬಸವೇಶ್ವರಿ ನನ್ನ ಮುಂದೆ ನಿಂತು ತೀರ್ಪು ಓದಿದಳು.

"ಈ ಸಲ ನಿಮ್ಮ ಕಾರು ಚೌಡಾಪುರದಾಗ ನಿಂತ್ರ ನಾ ಬಸ್ಸು ಹತ್ತಿ ಹೋಗ್ತೇನಿ. ನೀವು ಅಲ್ಲೇ ಅದನ್ನ ಮೋಡಕಾಕ್ಕ ಹಾಕಿ ಬರ್ರಿ. ಹಾಕಲಿಲ್ಲಂದ್ರ ಮನೀಗೆ ಬರಬ್ಯಾಡ್ರಿ."

ನನಗೆ ಅಳುವೇ ಬಂತು. ಮಗನನ್ನು ಶಾಲೆಗೆ ಬಿಟ್ಟ ಕಾರು, ಅಪ್ಪನನ್ನು ದವಾಖಾನೆಗೆ ಒಯ್ದ ಕಾರು ಗುಜರಿ ಪಾಲಾಗುವುದೇ? ಸಂಜೆ ನಾಚಿಕೆ ಬಿಟ್ಟು ಉಸ್ಮಾನಸಾಬನ ಗ್ಯಾರೇಜಿಗೆ ಹೋದೆ. ಅವನು ಮುಖ ಎತ್ತದೆ, "ನಾನೂ ಬರ್ತೇನ್ರಿ. ರೋಗ ಬರೂ ಹೊತ್ತಿಗೆ ಡಾಕ್ಟರ್ ಬಾಜೂದಾಗ ಇರಬೇಕು" ಎಂದ.

ಕುಬಸದ ಹಿಂದಿನ ದಿನ ಮನೆಯಲ್ಲಿ ಕರ್ಚಿಕಾಯಿ ಕರಿಯುವ ಗದ್ದಲ. ಹೊಸ ಎಣ್ಣೆ ಡಬ್ಬಿಗೆ ತೂತು ಹಾಕಲು ನನ್ನನ್ನು ಕರೆದಳು. ಮೊಳೆ ಇಟ್ಟು ಒಂದು ತೂತು ಹೊಡೆದು ಬಗ್ಗಿಸಿದೆ. ಎಣ್ಣೆ ಗುಳುಕ್ ಅಂದಿತು, ನಿಂತಿತು, ಮತ್ತೆ ಗುಳುಕ್ ಅಂದಿತು, ಆಮೇಲೆ ಬರಲೇ ಇಲ್ಲ.

"ಎದುರಿಗೆ ಇನ್ನೊಂದು ತೂತು ಹಾಕ್ರಿ. ಗಾಳಿ ಒಳಗ ಹೋಗದ ಎಣ್ಣಿ ಹ್ಯಾಂಗ ಹೊರಗ ಬರ್ತದ?" ಎಂದಳು.

"ಅದನ್ನ ನನಗ ಕಲಸಾಕತ್ತಿಯೇನು?" ಎಂದು ನಾನು ಸುತ್ತಿಗೆ ಹಿಡಿದೇ ವಾಯುಮಂಡಲದ ಒತ್ತಡದ ಪಾಠ ಶುರು ಮಾಡಿದೆ. "ಒಳಗ ನಿರ್ವಾತ ಆಗ್ತದ. ಮೂವತ್ತೊಂದು ವರ್ಷ ಇದೇ ಡಬ್ಬಿ ಒಯ್ದು ಹುಡುಗರಿಗೆ ತೋರಿಸೇನಿ..." ಅವಳು ನನ್ನ ಕೈಯಿಂದ ಸುತ್ತಿಗೆ ಕಸಿದುಕೊಂಡು ಎರಡನೇ ತೂತು ಹೊಡೆದಳು. ಎಣ್ಣೆ ಧಾರೆಯಾಗಿ ಇಳಿಯಿತು. ಪಾಠ ಮಾತ್ರ ಅರ್ಧಕ್ಕೇ ನಿಂತಿತು.

ಮರುದಿನ ಎಂಟಕ್ಕೆ ಹೊರಟೆವು. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ಮುಚ್ಚಳವನ್ನು ನಾನೇ ಬಿಗಿಯಾಗಿ ತಿರುವಿದೆ. ಉಸ್ಮಾನಸಾಬ ನನ್ನ ಪಕ್ಕದಲ್ಲಿ ಕಿವಿ ನಿಮಿರಿಸಿ ಕೂತ. ಚೌಡಾಪುರ ಬಂತು. ಗಕ್. ಬಸವಣ್ಣನನ್ನೂ ದತ್ತಪ್ಪನನ್ನೂ ಒಟ್ಟಿಗೇ ನೆನೆದೆ. ಗಕ್, ಗಕ್. ನಿಂತಿತು.

ಉಸ್ಮಾನಸಾಬ ಜಿಗಿದು ಬಾನೆಟ್ಟಿನಲ್ಲಿ ತಲೆ ತೂರಿಸಿ, "ಪೆಟ್ರೋಲ್ ಬರವಲ್ದು! ಟಾಕಿ ತುಂಬ ಅದ, ಇಲ್ಲಿಗೆ ಬರವಲ್ದು!" ಎಂದು ಕೂಗಿದ. ದೂರದಲ್ಲಿ ಕಲಬುರಗಿ ಬಸ್ಸು ಕಾಣಿಸಿತು. ಬಸವೇಶ್ವರಿ ಇಳಿದು ಬುತ್ತಿ ಗಂಟು ತೆಗೆಯಲು ಹಿಂದಕ್ಕೆ ಹೋದಳು. ಇನ್ನು ಕಾರಿನ ಋಣ ತೀರಿತು ಎಂದುಕೊಂಡೆ. ಅಷ್ಟರಲ್ಲಿ ಅವಳ ದನಿ ಬಂತು.

"ಏನ್ರೀ, ಈ ಪೆಟ್ರೋಲ್ ಟಾಕಿಗೆ ತೂತು ಎಷ್ಟವ?"

"ಟಾಕಿಗೆ ಯಾತರ ತೂತು? ಎಲ್ಲಾ ಬಂದೋಬಸ್ತ್ ಅದ. ಮುಚ್ಚಳದಾಗ ಒಂದಿತ್ತು. ನಾನೇ ಮುಚ್ಚೀನಲ್ಲ, ನಿನ್ನ ಸಲುವಾಗಿ!"

ಬಾನೆಟ್ಟಿನೊಳಗೆ ಧಡ್ ಎಂದು ಸದ್ದಾಯಿತು. ಉಸ್ಮಾನಸಾಬನ ತಲೆ.

"ಹಂಗಾದ್ರ ಒಳಗ ಗಾಳಿ ಎಲ್ಲಿಂದ ಹೋಗಬೇಕ್ರಿ?" ಬಸವೇಶ್ವರಿ ಕೇಳಿದಳು. "ನಿನ್ನೆ ಎಣ್ಣಿ ಡಬ್ಬೀನೂ ಹಿಂಗ ಗಕ್ ಅಂದಿತ್ತಲ್ಲ."

ಅವಳೇ ಮುಚ್ಚಳ ತಿರುವಿದಳು. ಸುಲಭಕ್ಕೆ ಬರಲಿಲ್ಲ. ಬಂದಾಗ ಟಾಕಿ ಸ್ಸ್‌ಸ್‌ಸ್ ಎಂದು ಉದ್ದಕ್ಕೆ ಉಸಿರೆಳೆದುಕೊಂಡಿತು. ಚೌಡಾಪುರದಷ್ಟು ದೂರ ಓಡಿದರೆ ಒಳಗೆ ನಿರ್ವಾತ, ಅರ್ಧ ತಾಸು ನಿಂತರೆ ಸಂದಿಯಿಂದ ಗಾಳಿ ನುಸುಳಿ ಮತ್ತೆ ಓಟ! ಉಸ್ಮಾನಸಾಬ ಹಣೆ ಉಜ್ಜಿಕೊಳ್ಳುತ್ತ ಬಂದು ಮುಚ್ಚಳವನ್ನು ಬಿಸಿಲಿಗೆ ಹಿಡಿದ. ನನ್ನ ಅಂಟನ್ನು ನೋಡಿದ, ನನ್ನ ಉಂಗುರವನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ದೌಲ್ಯಾ!" ಎಂದ. ಎಷ್ಟೋ ವರ್ಷದ ಮರ್ಯಾದೆ ಚೌಡಾಪುರದ ಧೂಳಿನಲ್ಲಿ ಬಿತ್ತು. "ನಾ ಬೋರ್ಡು ಇಳಸಾಕ ಹೊಂಟಿದ್ನಲ್ಲೋ!"

"ತಪ್ಪಾತೋ ಉಸ್ಮಾನ" ಎಂದೆ. ಬಾಯಿಗೆ ರೂಢಿಯಿಲ್ಲದ ಮಾತು, ಅದೂ ಎರಡು ಸಲ ಗಕ್ ಎಂದು ನಿಂತೇ ಹೊರಬಂತು. ಅವನು ನಕ್ಕುಬಿಟ್ಟ. ಮೊಳೆಯಿಂದ ಕುಟ್ಟಿ ಹಳೇ ತೂತನ್ನು ತೆಗೆದ. ಕಲಬುರಗಿ ಬಸ್ಸನ್ನು ನಾವೇ ಹಿಂದೆ ಹಾಕಿದೆವು.

ಹನ್ನೊಂದೂ ಮುಕ್ಕಾಲಿಗೆ ಬಸವೇಶ್ವರಿ ಸುನಿತಾಳ ಕೈಗೆ ಮೊದಲ ಹಸಿರು ಬಳೆ ತೊಡಿಸಿದಳು. ಹನ್ನೆರಡಕ್ಕೆ ಇಡೀ ನರೋಣಾಕ್ಕೆ ಮುಚ್ಚಳದ ಕಥೆ ಗೊತ್ತಾಗಿತ್ತು. ಉಸ್ಮಾನಸಾಬನಿಗೆ ಹೆಂಗಸರೆಲ್ಲ ಕರೆಕರೆದು ಕರ್ಚಿಕಾಯಿ ಬಡಿಸಿದರು. ಅತ್ತೆ ಮಾತ್ರ, "ಚೌಡಾಪುರದಾಗೇ ಬುದ್ಧಿ ಹೊಳೀತು ನೋಡ್ರಿ. ಎಲ್ಲಾ ದತ್ತಪ್ಪನ ಆಟ" ಎಂದರು. ವಾದಿಸುವ ಅರ್ಹತೆ ನನಗೆ ಉಳಿದಿರಲಿಲ್ಲ.

ಮರಳಿ ಬರುವಾಗ ಚೌಡಾಪುರದ ಕ್ರಾಸ್ ಯಾವಾಗ ದಾಟಿತೋ ತಿಳಿಯಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಬಸವೇಶ್ವರಿ ನಿಂಬೆಹಣ್ಣು ಮೂಗಿಗೆ ಹಿಡಿದು ಕೂತಿದ್ದಳು.

"ವಾಸನಿ ಭಾಳ ಬರಾಕತ್ತದೇನು? ನಾಳೆ ಬೇರೆ ಏನರ ಒಂದು ಉಪಾಯ ಮಾಡಿ..."

"ಬರ್ತದ, ಬರಲಿ ಬಿಡ್ರಿ" ಎಂದಳು ಬಸವೇಶ್ವರಿ, ಬಹಳ ಮೆತ್ತಗೆ. "ನೀವು ಮಾತ್ರ ಇನ್ನ ನನ್ನ ಸಲುವಾಗಿ ಏನೂ ರಿಪೇರಿ ಮಾಡಬ್ಯಾಡ್ರಿ."