ಮರಳೆಂದು ಪರಿಗಣಿಸತಕ್ಕದ್ದು

ಸೀಗೆಬಾಣೆ ಸಣ್ಣ ಕಾಫಿ ಬೆಳೆಗಾರರ ಸಹಕಾರ ಸಂಘದ ಆಡಳಿತ ಮಂಡಳಿಯು, ಕಾಫಿ ಒಣಗಿಸುವ ವಿಧಾನವನ್ನು ಅಧ್ಯಯನ ಮಾಡುವ ಸಲುವಾಗಿ, ದುಬೈ ಬಳಿಯ ಮರುಭೂಮಿಗೆ ಹೋಗಿ ಗಾಲ್ಫ್ ಆಡತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಿತು. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಕಾಫಿ ಒಣಗಲು ಬಿಸಿಲು ಬೇಕು. ಬಿಸಿಲು ಹೇರಳವಾಗಿ ಸಿಗುವುದು ಮರುಭೂಮಿಯಲ್ಲಿ. ಇಡೀ ದಿನ ಆ ಬಿಸಿಲಿನಲ್ಲಿ ನಿಲ್ಲಬೇಕೆಂದರೆ ಮನುಷ್ಯನಿಗೆ ಒಂದು ನೆಪ ಬೇಕು. ತಿಳಿದವರು ಆ ನೆಪವನ್ನು ಗಾಲ್ಫ್ ಎನ್ನುತ್ತಾರೆ. ಸಂಘದ ಅಧ್ಯಕ್ಷ ಕೀರ್ತಿಕುಮಾರ್ ಇದನ್ನು ಇಷ್ಟೇ ಸರಳವಾಗಿ ವಿವರಿಸಿದಾಗ, ಇಷ್ಟು ದಿನ ತಮಗೆ ಹೊಳೆಯಲಿಲ್ಲವಲ್ಲ ಎಂದು ನಿರ್ದೇಶಕರೆಲ್ಲ ನಾಚಿಕೊಂಡರು.

ಖರ್ಚಿಗೆ ಕಣದ ಸೂರಿನ ನಿಧಿ ಇತ್ತು. ಊರಿನ ಸಣ್ಣ ಬೆಳೆಗಾರರೆಲ್ಲ ಕಾಫಿ ಒಣಗಿಸುವುದು ಸಂಘದ ಸಿಮೆಂಟು ಕಣದಲ್ಲಿ. ಹಣ್ಣು ಕೀಳುವ ಪಿಕ್ಕಿಂಗ್ ಕಾಲದಲ್ಲೇ ಹೇಳದೆ ಕೇಳದೆ ಮಳೆ ಬಂದು ಹರವಿದ ಕಾಫಿ ಹಾಳಾಗುವುದು ವರ್ಷವರ್ಷದ ಗೋಳಾಗಿತ್ತು. ಬಿಸಿಲನ್ನು ಒಳಬಿಟ್ಟು ಮಳೆ ತಡೆಯುವ ಶೀಟು ಹಾಕಿಸೋಣವೆಂದು ಸದಸ್ಯರು ಕಾಸಿಗೆ ಕಾಸು ಸೇರಿಸಿ ಇಟ್ಟಿದ್ದರು. "ಸೂರು ಹಾಕೋ ಮುಂಚೆ, ಸೂರೇ ಇಲ್ದಿರೋ ಕಡೆ ಹೆಂಗೆ ಬದುಕ್ತಾರೆ ಅಂತ ನೋಡ್ಬೇಕಲ್ವಾ?" ಎಂದು ಅಧ್ಯಕ್ಷರು ಕೇಳಿದರು. ನಿಯಮದಂತೆ ಕುಶಾಲನಗರದಿಂದ ಮೂರು ದರಪಟ್ಟಿ ತರಿಸಲಾಯಿತು. ಮೂರೂ ಅಧ್ಯಕ್ಷರ ಅಳಿಯ ಪ್ರಜ್ಞೇಶನ ಟ್ರಾವೆಲ್ಸಿನವೇ ಆಗಿದ್ದರಿಂದ ಹೋಲಿಸಿ ನೋಡುವ ಕೆಲಸ ಸುಲಭವಾಯಿತು. ಗಾಲ್ಫ್ ಬೇಡವೆಂದರೆ ದರ ಇನ್ನೂ ಏರುತ್ತದೆಂದು ಪ್ರಜ್ಞೇಶ್ ತಿಳಿಸಿದ್ದರಿಂದ, ಗಾಲ್ಫ್ ಆಡುವುದು ಸಂಘಕ್ಕೆ ಮಾಡುವ ಉಳಿತಾಯವೆಂದೂ ದಾಖಲಾಯಿತು.

ದಾಖಲಿಸಿದವರು ಕಾರ್ಯದರ್ಶಿ ಮರುಳಸಿದ್ದಪ್ಪ. ಯಾವ ಮಾತಿಗಾದರೂ ಕೊನೆಯಲ್ಲಿ 'ತಕ್ಕದ್ದು' ಸೇರಿಸಿದರೆ ಅದು ಸರಿಯಾಗಿಬಿಡುತ್ತದೆ ಎಂದು ನಂಬಿದ್ದ ಮನುಷ್ಯ. ಈ ನಂಬಿಕೆ ಮನೆಯಲ್ಲಿ ಮಾತ್ರ ನಡೆಯುತ್ತಿರಲಿಲ್ಲ. ಅಲ್ಲಿ ಹೆಂಡತಿ ಗುರುಸಿದ್ದಮ್ಮ ಇದ್ದರು. ಎರಡೆಕರೆ ರೊಬಸ್ಟಾ ಕಾಫಿ ತೋಟದ ಕೆಲಸವೆಲ್ಲ ಅವರದೇ. ಮರುಳಸಿದ್ದಪ್ಪನವರದು ಆ ತೋಟದ ಬಗ್ಗೆ ಸಂಘದಲ್ಲಿ ಬರೆದಿಡುವ ಕೆಲಸ.

ಅಷ್ಟರಲ್ಲಿ ಒಂದು ತೊಡಕು ಬಂತು. ಆಟ ಬರುತ್ತದೆಂದು ಬಲ್ಲವರೊಬ್ಬರು ಪತ್ರ ಕೊಡದ ಹೊರತು ಯಾರನ್ನೂ ಮೈದಾನಕ್ಕೆ ಬಿಡುವುದಿಲ್ಲವೆಂದು ದುಬೈಯವರು ತಿಳಿಸಿದರು. ನಿರ್ದೇಶಕರಲ್ಲಿ ಒಬ್ಬರೂ ಗಾಲ್ಫ್ ಕೋಲು ಮುಟ್ಟಿದವರಲ್ಲ. ಬಿಟ್ಟಂಗಾಲದ ಗಾಲ್ಫ್ ಮೈದಾನದಲ್ಲಿ ಆಡಿಯೇ ಕೂದಲು ನರೆಸಿಕೊಂಡಿದ್ದ ನಿವೃತ್ತ ಕ್ಯಾಪ್ಟನ್ ಬೆಳ್ಯಪ್ಪನವರನ್ನು ಕರೆಸಲಾಯಿತು. ಬೆಳ್ಯಪ್ಪನವರಲ್ಲಿ ಎಲ್ಲವೂ ಸರಿಯಿತ್ತು, ಸುಳ್ಳು ಬರೆದುಕೊಡುವುದಿಲ್ಲ ಎಂಬ ಒಂದು ಲೋಪವನ್ನು ಬಿಟ್ಟರೆ.

"ಹುಲ್ಲಿನ ಮೇಲೆ ಹೊಡೆಯೋದು ಹೇಗೋ ಆಗ್ತದೆ. ಮೈದಾನದಲ್ಲಿ ಬೇಕಂತಲೇ ಮರಳುಗುಂಡಿ ಮಾಡಿರ್ತಾರೆ, ಚೆಂಡು ಅದಕ್ಕೆ ಬಿತ್ತು ಅಂತ ಇಟ್ಕೊಳ್ಳಿ. ಎತ್ತೋಕೆ ಬರದಿದ್ರೆ ನೀವು ಸಂಜೆ ತನಕ ಗುಂಡಿಯೊಳಗೇ ಮಾರಾಯ್ರೆ, ವಾಪಸ್ ಫ್ಲೈಟು ನಿಮ್ಮನ್ನ ಕಾಯಲ್ಲ," ಎಂದರು ಬೆಳ್ಯಪ್ಪ. "ಮೊದಲು ಮರಳಲ್ಲಿ ಅಭ್ಯಾಸ ಮಾಡಿ. ಆಮೇಲೆ ಪತ್ರ."

ಹೀಗಾಗಿ ಕಣದಲ್ಲಿ ಮರಳು ಹರವಿ ತಾತ್ಕಾಲಿಕ ಮರುಭೂಮಿಯೊಂದನ್ನು ಸ್ಥಾಪಿಸಲು ನಿರ್ಧಾರವಾಯಿತು. ಹೊಳೆ ಮರಳು ತೆಗೆಯುವುದು ಅಪರಾಧ. ಸಂಘ ಅಂಥದ್ದಕ್ಕೆಲ್ಲ ಕೈ ಹಾಕುವುದಿಲ್ಲ. ಕಲ್ಲು ಅರೆದು ಮಾಡಿದ ಎಂ-ಸ್ಯಾಂಡ್ ತರಿಸೋಣವೆಂದರೆ ಲಾರಿಯವರ ಮುಷ್ಕರ. ಮರಳು ಬರದಿದ್ದರೂ ಕಣಕ್ಕೆ ಹಗ್ಗ ಕಟ್ಟಿ ಬೋರ್ಡು ಹಾಕುವ ಕೆಲಸ ಬೆಳಿಗ್ಗೆಯೇ ಮುಗಿದಿತ್ತು: "ಅಧ್ಯಯನ ನಡೆಯುತ್ತಿದೆ. ಕಾಫಿಗೆ ಪ್ರವೇಶವಿಲ್ಲ. — ಆದೇಶದ ಮೇರೆಗೆ."

ಆ ದಿನಗಳಲ್ಲೇ ಗುರುಸಿದ್ದಮ್ಮನವರ ಪಿಕ್ಕಿಂಗ್ ಮುಗಿದು, ಹಣ್ಣು ಚೀಲಗಳಲ್ಲಿ ತುಂಬಿ ಜಗಲಿಯ ಮೇಲೆ ಕೂತಿತ್ತು. ಮನೆಯಂಗಳದಲ್ಲಿ ಹರವೋಣವೆಂದರೆ ನೀರಿನ ಪೈಪಿಗಾಗಿ ಅಂಗಳವನ್ನು ಅಗೆದು ಹೋದವರು ಮುಚ್ಚಲು ಯಾವಾಗ ಬರುತ್ತಾರೆಂದು ಹೇಳಿರಲಿಲ್ಲ. ಹಣ್ಣು ಚೀಲದಲ್ಲೇ ಉಳಿದರೆ ಕಾದು, ಹುಳಿತು, ಬೂಷ್ಟು ಹಿಡಿಯುತ್ತದೆ. ಅದನ್ನು ಯಾವ ವ್ಯಾಪಾರಿಯೂ ಮೂಸುವುದಿಲ್ಲ.

"ಮರಳು ಬಂತೇನ್ರಿ?" ಎಂದು ಅವರು ಸಂಜೆ ಗಂಡನನ್ನು ಕೇಳಿದರು.

"ಇಲ್ಲ. ಮುಷ್ಕರ."

"ಹಂಗಾರೆ ಕಣ ಖಾಲಿ ಐತೆ."

"ಖಾಲಿ ಇಲ್ಲ. ಕಾಯ್ದಿರಿಸಲಾಗಿದೆ."

"ಯಾರವ್ರೆ ಅಲ್ಲಿ?"

"ಯಾರೂ ಇಲ್ಲ."

"ಯಾರೂ ಇಲ್ಲ, ಏನೂ ಇಲ್ಲ. ಅದಕ್ಕೆ ನಮ್ಮ ಕಡೆ ಖಾಲಿ ಅಂತಾರೆ." ಗುರುಸಿದ್ದಮ್ಮ ಗಂಡನ ಕೈ ಹಿಡಿದು ಚೀಲದೊಳಕ್ಕೆ ತುರುಕಿದರು. ಒಳಗೆ ಬೆಚ್ಚಗಿತ್ತು, ಕೈ ತೆಗೆದರೆ ಹುಳಿ ವಾಸನೆ. "ಇದು ವರ್ಷವೆಲ್ಲ ನಾವು ತಿನ್ನೋ ಅನ್ನ. ನಾಳೆ ಕಣಕ್ಕೆ ಹಾಕ್ತೀನಿ. ಬೋರ್ಡಿಗೆ ಏನ್ ಹೇಳ್ಬೇಕೋ ನೀವ್ ಹೇಳ್ಕಳಿ."

ಮರುಳಸಿದ್ದಪ್ಪನವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಹೆಂಡತಿಯನ್ನು ತಡೆದರೆ ಕಾಫಿ ಹೋಗುತ್ತದೆ, ತಡೆಯದಿದ್ದರೆ ನೌಕರಿ ಹೋಗುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗ ದಾರಿ ಹೊಳೆಯಿತು. ಬಾಯಿ ತೊಳೆದವರೇ ಅಧ್ಯಕ್ಷರ ಮನೆಗೆ ಹೋಗಿ ಒಂದು ಠರಾವು ಓದಿದರು: "ಮರಳು ದೊರೆಯದಿರುವುದರಿಂದ, ಸದಸ್ಯರು ಕಣದಲ್ಲಿ ಹರವುವ ಕಾಫಿಯನ್ನು, ಅಧ್ಯಯನ ಮುಗಿಯುವ ತನಕ, ಮರಳೆಂದು ಪರಿಗಣಿಸತಕ್ಕದ್ದು."

ಅಧ್ಯಕ್ಷರು ಎರಡು ಸಲ ಓದಿಸಿದರು. ಮರಳಿನ ಖರ್ಚು ಉಳಿಯಿತಲ್ಲ ಎಂದು ಸಂತೋಷಪಟ್ಟು, ಉಳಿದ ಹಣಕ್ಕೆ ಒಂಟೆ ಸವಾರಿ ಸೇರಿಸಲು ಅಳಿಯನಿಗೆ ಫೋನು ಮಾಡಿದರು.

ಅಭ್ಯಾಸದ ಮೊದಲ ದಿನ ನಿರ್ದೇಶಕರು ಹೊಸ ಬಿಳಿ ಬೂಟು ಹಾಕಿಕೊಂಡು ಬಂದರು, ಕಲಿಸಲು ಬೆಳ್ಯಪ್ಪನವರೂ ಬಂದರು. ಕಣದಂಚಿನಲ್ಲಿ ಗುರುಸಿದ್ದಮ್ಮ ನಿಂತಿದ್ದರು.

"ಬೂಟು ಅಲ್ಲೇ ಬಿಟ್ಟು ಬನ್ನಿ ಅಣ್ಣ. ಕಣ ಇದು."

ಸೀಗೆಬಾಣೆಯಲ್ಲಿ ಯಾರೂ ಮೆಟ್ಟು ಹಾಕಿಕೊಂಡು ಕಣ ತುಳಿದವರಿಲ್ಲ. ಅಧ್ಯಕ್ಷರ ಕಾಲು ತಾನಾಗಿಯೇ ಬೂಟು ಕಳಚಿತು. ಬರಿಗಾಲಿನಲ್ಲೇ ಕೋಲು ಬೀಸಿದರು. ಚೆಂಡು ಇದ್ದಲ್ಲೇ ಇತ್ತು. ಒಂದು ಬೊಗಸೆ ಕಾಫಿ ಹಣ್ಣು ಹಾರಿ ಹಗ್ಗದಾಚೆ ಬಿತ್ತು. ಹಾರಿದ ಮರಳನ್ನು ಹೊಡೆದವರೇ ಹೆಕ್ಕಿ ತರತಕ್ಕದ್ದೆಂದು ಕಾರ್ಯದರ್ಶಿಗಳು ಅಲ್ಲೇ ಒಂದು ಉಪನಿಯಮ ಮಾಡಿದರು.

"ಇನ್ನೊಂದು," ಎಂದರು ಬೆಳ್ಯಪ್ಪ. "ಮರಳಲ್ಲಿ ಆಡಿದವನು ಮರಳನ್ನ ಎಳೆದು ಸಮ ಮಾಡಿಯೇ ಹೋಗ್ಬೇಕು. ಇದು ಆಟದ ಮರ್ಯಾದೆ. ಎಲ್ಲಾ ದೇಶದಲ್ಲೂ ಹಾಗೆಯೇ."

ಗುರುಸಿದ್ದಮ್ಮ ಕಿವಿ ನಿಮಿರಿಸಿದರು. ಕಾಫಿ ಒಣಗಬೇಕಾದರೆ ದಿನಕ್ಕೆ ಹತ್ತಾರು ಸಲ ಹಲಗೆ ಹಿಡಿದು ಎಳೆಯಬೇಕು. ಬಿಸಿಲಲ್ಲಿ ಸೊಂಟ ಮುರಿಯುವ ಕೆಲಸ. ಅವರು ಉದ್ದ ಹಿಡಿಯ ಹಲಗೆಯನ್ನು ತಂದು ಅಧ್ಯಕ್ಷರ ಕೈಗೆ ಕೊಟ್ಟರು. "ಮೇಲೆ ಮೇಲೆ ಎಳೆದ್ರೆ ಆಗಲ್ಲಣ್ಣ. ಅಡಿಯದ್ದು ಮೇಲೆ ಬರ್ಬೇಕು."

"ಇದೂ ನಿಯಮವಾ?" ಎಂದು ಅಧ್ಯಕ್ಷರು ಬೆಳ್ಯಪ್ಪನವರ ಮುಖ ನೋಡಿದರು.

ಬೆಳ್ಯಪ್ಪನವರಿಗೂ ತೋಟವಿತ್ತು. "ಒಳ್ಳೇ ನಿಯಮ," ಎಂದರು.

ಸಂಜೆ ಗುರುಸಿದ್ದಮ್ಮ ಬೆಳ್ಯಪ್ಪನವರಿಗೆ ಒಂದು ಪ್ರಶ್ನೆ ಕೇಳಿದರು. "ಸಾಯೇಬ್ರೆ, ಮರುಭೂಮೀಲಿ ರಾತ್ರಿ ಇಬ್ಬನಿ ಬೀಳ್ತದಾ?"

"ಬೀಳ್ತದೆ."

ಗುರುಸಿದ್ದಮ್ಮ ಅಧ್ಯಕ್ಷರ ಕಡೆ ತಿರುಗಿದರು. "ಹಂಗಾರೆ ಮರಳನ್ನ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿ ಹೋಗಿ ಅಣ್ಣ. ಬೆಳಿಗ್ಗೆ ಬಂದು ಹರವೀರಂತೆ."

ಸಂಘ ಹುಟ್ಟಿದಾಗಿನಿಂದ ಆಡಳಿತ ಮಂಡಳಿ ಇಷ್ಟು ನಿಯಮಿತವಾಗಿ ಸೇರಿದ್ದಿಲ್ಲ. ಬೆಳಿಗ್ಗೆ ಹರವುವುದು, ಒಂದು ಏಟು ಹೊಡೆಯುವುದು, ಎಳೆಯುವುದು, ಹೆಕ್ಕುವುದು, ಮತ್ತೆ ಎಳೆಯುವುದು, ಸಂಜೆ ಗುಡ್ಡೆ ಮಾಡುವುದು. ಗಾಲ್ಫ್ ಎಂದರೆ ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ, ದೊಡ್ಡವರೆಲ್ಲ ಸುಮ್ಮನೆ ದೊಡ್ಡವರಾಗಿಲ್ಲ ಎಂದು ಒಬ್ಬ ನಿರ್ದೇಶಕರು ಸೊಂಟ ಹಿಡಿದುಕೊಂಡು ಹೇಳಿದರು. ಪಕ್ಕದ ತೋಟದ ರಂಗಮ್ಮ ಇದನ್ನೆಲ್ಲ ಬೇಲಿಯಾಚೆಯಿಂದ ನೋಡಿ ಕಾರ್ಯದರ್ಶಿಗಳ ಬಳಿ ಬಂದರು. "ನಮ್ದೂ ನಾಕು ಚೀಲ ಐತೆ ಸಿದ್ದಪ್ಪಣ್ಣ. ಅದನ್ನೂ ಮರಳು ಮಾಡ್ಕೊಡು." ವಾರ ಕಳೆಯುವುದರೊಳಗೆ ಇಡೀ ಊರಿನ ಕಾಫಿ ಮರಳಾಗಿ, ಮರುಭೂಮಿ ಕಣದ ತುಂಬ ಹಬ್ಬಿತು.

ಕೊನೆಗೆ ಬೆಳ್ಯಪ್ಪ ಪತ್ರ ಕೊಟ್ಟರು: "ಇವರಿಗೆ ಮರಳನ್ನು ಹರವಲು, ಎಳೆಯಲು, ಗುಡ್ಡೆ ಮಾಡಲು ಬಹಳ ಚೆನ್ನಾಗಿ ಬರುತ್ತದೆ. ಚೆಂಡಿನ ವಿಷಯದಲ್ಲಿ ನಾನು ಏನನ್ನೂ ಹೇಳುವುದಿಲ್ಲ." ದುಬೈಯವರು ಒಪ್ಪಿದರು. ಮಂಡಳಿ ವಿಮಾನ ಹತ್ತಿತು. ಅಲ್ಲಿಯ ಮರಳನ್ನು ಸಂಜೆ ಮುಚ್ಚಬೇಕಾಗುತ್ತದಲ್ಲ ಎಂದು ಸಂಘದ ಟಾರ್ಪಾಲುಗಳನ್ನೆಲ್ಲ ಮಡಚಿ ಜೊತೆಗೇ ಒಯ್ದರು.

ಅವರು ಹೋದ ಮೇಲೆ ಕಾಫಿ ಒಣಗಿ ಸಿದ್ಧವಾಯಿತು. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನುತ್ತಿತ್ತು. ಅದೇ ಮಧ್ಯಾಹ್ನ ಮೂಡಲಲ್ಲಿ ಮೋಡ ಕಪ್ಪಾಯಿತು. ಹೆಂಗಸರು ಬುಟ್ಟಿ ಹಿಡಿದು ಓಡಿ ಬಂದರು. ಹಗ್ಗದ ಬಳಿ ಮರುಳಸಿದ್ದಪ್ಪ ಕೈ ಅಡ್ಡ ಹಿಡಿದಿದ್ದರು.

"ತೆಗೆಯೋ ಹಂಗಿಲ್ಲ. ಅಧ್ಯಯನ ಮುಗಿಯೋ ತನಕ ಇದು ಮರಳು. ಮರಳು ಸಾಗಿಸೋಕೆ ಪರವಾನಗಿ ಬೇಕು."

ಅಧ್ಯಕ್ಷರಿಗೆ ಫೋನು ಹಚ್ಚಿದರು. "ಈಗ ಬಿಸಿಲಲ್ಲಿದ್ದೀನಿ ಸಿದ್ದಪ್ಪ, ಗುಂಡಿ ಎಳೀತಾ ಇದ್ದೀವಿ. ಬಂದ ಮೇಲೆ ಸಭೆ ಕರೆದು ಮರಳನ್ನ ಕಾಫಿ ಮಾಡೋಣ," ಎಂಬ ಉತ್ತರ ಬಂತು.

ಮೇಲೆ ಸೂರಿಲ್ಲ, ಮುಚ್ಚಲು ಟಾರ್ಪಾಲಿಲ್ಲ. ಗುರುಸಿದ್ದಮ್ಮ ಗಂಡನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಮರುಳಸಿದ್ದಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ತಾವೇ ಬರೆದ ಸಾಲು ತಮ್ಮ ಮನೆಯ ಅನ್ನವನ್ನು ನೆನೆಸಲು ಹೊರಟಿತ್ತು. ಅವರು ಬಿಟ್ಟಂಗಾಲಕ್ಕೆ, ಬೆಳ್ಯಪ್ಪನವರಿಗೆ ಫೋನು ತಿರುಗಿಸಿದರು.

"ಕ್ಯಾಪ್ಟನ್ ಸಾರ್, ಆಡಿದವರ ಬಟ್ಟೆಗೆ ಮರಳು ಅಂಟಿದ್ರೆ ಅದು ಯಾರದ್ದು?"

"ಎಂಥ ಪ್ರಶ್ನೆ ಮಾರಾಯ್ರೆ. ಅಂಟಿದವರದ್ದು. ಕೊಡವಿ ಹೋಗಿ ಅಂತ ಯಾರೂ ಹೇಳಲ್ಲ."

ಮರುಳಸಿದ್ದಪ್ಪ ಫೋನಿಟ್ಟು, ಗಂಟಲು ಸರಿಮಾಡಿಕೊಂಡು, ನಿಂತಲ್ಲೇ ಸುತ್ತೋಲೆ ಹೊರಡಿಸಿದರು: "ಕಣದಲ್ಲಿ ಒಂದು ಏಟಾದರೂ ಆಡಿದ ಸದಸ್ಯರು, ತಮ್ಮ ಬಟ್ಟೆಗೆ ಅಂಟಿದ ಮರಳನ್ನು ಮನೆಗೆ ಒಯ್ಯತಕ್ಕದ್ದು."

ಮಂಡಳಿ ಬಿಟ್ಟುಹೋಗಿದ್ದ ಅಭ್ಯಾಸದ ಕೋಲು, ಚೆಂಡು ಹಿಡಿದು ಹೆಂಗಸರು ಸಾಲಾಗಿ ನಿಂತರು. ಗುರುಸಿದ್ದಮ್ಮ ಮೊದಲ ಏಟು ಹೊಡೆದು, ಸೆರಗು ಹರವಿ, ಮರಳನ್ನು ಬೊಗಸೆ ಬೊಗಸೆಯಾಗಿ ಅಂಟಿಸಿಕೊಂಡರು. ರಂಗಮ್ಮನ ಚೆಂಡು ನೇರ ಹೋಗಿ ಕಾಫಿಗೆ ಪ್ರವೇಶವಿಲ್ಲವೆಂಬ ಬೋರ್ಡಿಗೆ ಬಡಿಯಿತು. ಸೆರಗಿನಲ್ಲಿ, ಮಡಿಲಲ್ಲಿ, ಹಾಸಿಗೆಯಿಂದ ಎಳೆದು ತಂದು ಹೊದ್ದ ದುಪ್ಪಟಿಗಳಲ್ಲಿ ಊರಿನ ಮರುಭೂಮಿ ಮನೆಮನೆಗೆ ನಡೆಯಿತು. ಮರುಳಸಿದ್ದಪ್ಪನವರೂ ಒಂದು ಏಟು ಹೊಡೆದು ಪಂಚೆ ಎತ್ತಿ ತುಂಬಿಕೊಂಡರು. ಕೊನೆಯ ಸೆರಗು ದಾಟುವಾಗ ಮಳೆ ದಪ್ಪ ಹನಿಯಾಗಿ ಬಿತ್ತು. ಖಾಲಿ ಕಣ ತೊಳೆದು ಹೋಯಿತು.

ಮಂಡಳಿ ಮರಳಿ ಬಂದಿತು, ಗೌರವದೊಂದಿಗೆ. ಅಲ್ಲಿಯ ಮೈದಾನದ ಮರಳುಗುಂಡಿಗೆ ಬೂಟು ಕಳಚಿ ಇಳಿದು, ಬೆಳಿಗ್ಗೆಯಿಂದ ಎಳೆದು, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿದ ಆಟಗಾರರನ್ನು ಹಿಂದೆಂದೂ ಕಂಡಿರಲಿಲ್ಲವೆಂದು ದುಬೈಯವರು ಬಹುಮಾನದ ಕಪ್ಪೊಂದನ್ನು ಕೊಟ್ಟು ಕಳಿಸಿದ್ದರು. ಮಹಾಸಭೆಯಲ್ಲಿ ಕಪ್ಪನ್ನು ಮೇಜಿನ ಮೇಲಿಟ್ಟು ಅಧ್ಯಕ್ಷರು ವರದಿ ಓದಿದರು: "ಮರುಭೂಮಿಗೆ ಸೂರಿಲ್ಲ. ಆದರೂ ಅಲ್ಲಿ ಎಲ್ಲವೂ ಒಣಗಿದೆ. ಆದ್ದರಿಂದ ನಮ್ಮ ಕಣಕ್ಕೂ ಸೂರಿನ ಅಗತ್ಯವಿರುವುದಿಲ್ಲ." ನಿಧಿಯಲ್ಲಿ ಏನೂ ಉಳಿದಿಲ್ಲದಿರುವುದು ಈ ತೀರ್ಮಾನಕ್ಕೆ ಸರಿಯಾಗಿ ಹೊಂದುತ್ತದೆಂದೂ ತಿಳಿಸಿದರು.

ಗುರುಸಿದ್ದಮ್ಮ ಎದ್ದು ನಿಂತರು. ನಿರ್ದೇಶಕರು ಬೆವರು ಒರೆಸಿಕೊಂಡರು. ಮರುಳಸಿದ್ದಪ್ಪ ಪೆನ್ನಿನ ಮುಚ್ಚಳ ಹಾಕಿದರು.

"ಮಂಡಳಿಯವರು ಮುಂದಿನ ವರ್ಷವೂ ಹೋಗಿ ಬರ್ಬೇಕು," ಎಂದರು ಗುರುಸಿದ್ದಮ್ಮ. "ವರ್ಷವರ್ಷ ಹೋಗ್ಲಿ. ಆದ್ರೆ ಈ ವರ್ಷ ಮಾಡಿದ ಅಭ್ಯಾಸ ಸಾಲ್ದು. ಪಿಕ್ಕಿಂಗ್ ಶುರುವಾದ ದಿನದಿಂದ ಮುಗಿಯೋ ತನಕ ಮಾಡ್ಬೇಕು. ಎಲ್ಲಾರ್ ಮರಳಲ್ಲೂ ಮಾಡ್ಬೇಕು. ಟಾರ್ಪಾಲು ಇಲ್ಲೇ ಬಿಟ್ಟು ಹೋಗ್ಬೇಕು."

ರಂಗಮ್ಮ ಅನುಮೋದಿಸಿದರು. ಎಲ್ಲರೂ ಕೈ ಎತ್ತಿದರು. ಸದಸ್ಯರು ತಮ್ಮ ಮೇಲಿಟ್ಟ ವಿಶ್ವಾಸಕ್ಕೆ ಅಧ್ಯಕ್ಷರ ಕಣ್ಣು ತುಂಬಿ ಬಂತು, ಪ್ರಜ್ಞೇಶ್ ಆಗಲೇ ಮೂರು ದರಪಟ್ಟಿ ಬರೆಯತೊಡಗಿದ್ದ.

ಮನೆಗೆ ನಡೆಯುವಾಗ ಮರುಳಸಿದ್ದಪ್ಪನವರಿಗೆ ತಡೆಯಲಾಗಲಿಲ್ಲ. "ಅಲ್ಲಾ ಕಣೆ, ಸೂರಿನ ದುಡ್ಡು ಹಂಗೇ ಹೋಯ್ತಲ್ಲ. ನೀನೊಂದ್ ಮಾತೂ ಕೇಳ್ಲಿಲ್ಲ."

ಗುರುಸಿದ್ದಮ್ಮ ನಡಿಗೆ ನಿಧಾನ ಮಾಡಲಿಲ್ಲ. "ಸೂರು ಹಾಕಿಸಿದ್ರೆ, ಸೂರು ಕಾಫಿ ಎಳೀತದೇನ್ರಿ?"

ಮರುಳಸಿದ್ದಪ್ಪ ಯೋಚನೆ ಮಾಡಿ ನೋಡಿದರು. ಎಳೆಯುವುದಿಲ್ಲ.